ಐಸ್‌ಲ್ಯಾಂಡ್ ಪ್ರವಾಸ: ಗಾಳಿ-ಮಳೆಗೆ ಯಾವ ಬಟ್ಟೆ, ಯಾವ ಶೂ, ಯಾವ ಬ್ಯಾಗು?

ಐಸ್‌ಲ್ಯಾಂಡಿಗೆ ಟಿಕೆಟ್ ಬುಕ್ ಆದ ಮೇಲೆ ಹೆಚ್ಚಿನವರು ಮೊದಲು ಕೊಳ್ಳುವುದು ದಪ್ಪನೆಯ, ಉಬ್ಬಿದ ಜರ್ಕಿನ್. ಬಜೆಟ್ಟಿನ ಮುಕ್ಕಾಲು ಪಾಲು ಅದಕ್ಕೇ ಹೋಗುತ್ತದೆ. ಉಳಿದ ದುಡ್ಡಿಗೆ ಒಂದು ಅಗ್ಗದ ರೇನ್‌ಕೋಟು, ಜೊತೆಗೆ ಮನೆಯಲ್ಲಿದ್ದ ಸ್ಪೋರ್ಟ್ಸ್ ಶೂ, ಎರಡು ಜೀನ್ಸ್. ಈ ಲೆಕ್ಕವನ್ನು ತಿರುವುಮುರುವು ಮಾಡಿ ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಅಲ್ಲಿ ಮನುಷ್ಯನನ್ನು ನಡುಗಿಸುವುದು ಗಾಳಿ ಮತ್ತು ನೀರು ಒಟ್ಟಿಗೆ ಬಂದು ಮೈ ಸೇರಿದಾಗ ಹುಟ್ಟುವ ಚಳಿ. ಅದನ್ನು ತಡೆಯುವುದು ಎಲ್ಲಕ್ಕಿಂತ ಹೊರಗೆ ಹಾಕುವ ಬಟ್ಟೆ ಮತ್ತು ಕಾಲಿನ ಶೂ. ಇವೆರಡಕ್ಕೆ ಕೈಬಿಚ್ಚಿ ಖರ್ಚು ಮಾಡಿ, ಮಿಕ್ಕಿದ್ದರಲ್ಲಿ ಉಳಿಸಿ.

ಉಷ್ಣಾಂಶ ನೋಡಿದರೆ ಐಸ್‌ಲ್ಯಾಂಡ್ ಭಯ ಹುಟ್ಟಿಸುವ ದೇಶವೇ ಅಲ್ಲ. ರಾಜಧಾನಿ ರೇಕ್ಯಾವಿಕ್‌ನಲ್ಲಿ ಜನವರಿಯ ಸರಾಸರಿ ಸೊನ್ನೆಯ ಆಸುಪಾಸು, ಜುಲೈಯಲ್ಲಿ 11-12 ಡಿಗ್ರಿ. 64 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಆರ್ಕ್ಟಿಕ್ ವೃತ್ತದ ಹತ್ತಿರವೇ ಇರುವ ಊರಿಗೆ ಇದು ಸೌಮ್ಯವಾದ ಹವೆ. ಅಟ್ಲಾಂಟಿಕ್‌ನಲ್ಲಿ ದಕ್ಷಿಣದಿಂದ ಬರುವ ಬೆಚ್ಚನೆಯ ಪ್ರವಾಹ ದ್ವೀಪವನ್ನು ಕಾಪಾಡುತ್ತದೆ. ಆದರೆ ಗ್ರೀನ್‌ಲ್ಯಾಂಡ್ ಕಡೆಯಿಂದ ಇಳಿಯುವ ತಣ್ಣನೆಯ ನೀರು, ತಣ್ಣನೆಯ ಗಾಳಿ ಈ ಬೆಚ್ಚನೆಯ ಪ್ರವಾಹಕ್ಕೆ ಎದುರಾಗುವುದೂ ಇಲ್ಲಿಯೇ. ಹಾಗಾಗಿ ವಾಯುಭಾರ ಕುಸಿತಗಳು ಒಂದರ ಬೆನ್ನಿಗೆ ಒಂದು ಈ ಭಾಗದಲ್ಲಿ ಹಾದುಹೋಗುತ್ತವೆ. ಹವಾಮಾನ ಶಾಸ್ತ್ರದಲ್ಲಿ ಇದಕ್ಕೆ 'ಐಸ್‌ಲ್ಯಾಂಡಿಕ್ ಲೋ' ಎಂಬ ಹೆಸರೇ ಉಂಟು. ಬೆಳಿಗ್ಗೆ ಬಿಸಿಲು, ಹತ್ತು ಗಂಟೆಗೆ ಜಡಿಮಳೆ, ಮಧ್ಯಾಹ್ನ ಆಲಿಕಲ್ಲು, ಸಂಜೆ ಮತ್ತೆ ನೀಲಿ ಆಕಾಶ ಎನ್ನುವುದು ಅಲ್ಲಿ ಯಾರೂ ಬೆರಗಾಗದ ದಿನಚರಿ.

ಮಳೆಯ ವಿಷಯದಲ್ಲಿ ನಮಗೆ ಸುಲಭವಾಗಿ ತಿಳಿಯುವ ಒಂದು ಹೋಲಿಕೆ ಇದೆ. ರೇಕ್ಯಾವಿಕ್‌ನ ವಾರ್ಷಿಕ ಮಳೆ ಸುಮಾರು 850ರಿಂದ 900 ಮಿಲಿಮೀಟರ್. ಬೆಂಗಳೂರಿಗೆ ಬೀಳುವುದು ಇದಕ್ಕಿಂತ ಸ್ವಲ್ಪ ಹೆಚ್ಚೇ. ಆದರೆ ಬೆಂಗಳೂರಿನ ಮಳೆ ಕೆಲವೇ ತಿಂಗಳಲ್ಲಿ ಧೋ ಎಂದು ಸುರಿದು ನಿಲ್ಲುತ್ತದೆ. ಒಂದು ಅಂಗಡಿಯ ಸೂರಿನಡಿ ಅರ್ಧ ಗಂಟೆ ನಿಂತರೆ ಕಥೆ ಮುಗಿಯಿತು. ರೇಕ್ಯಾವಿಕ್‌ನದು ವರ್ಷವಿಡೀ ಹಂಚಿಕೊಂಡು ಬೀಳುವ ಸಣ್ಣ ಮಳೆ, ಅದೂ ಗಾಳಿಯ ಹೊಡೆತಕ್ಕೆ ಅಡ್ಡಡ್ಡ ಬರುವಂಥದ್ದು. ದಕ್ಷಿಣ ಕರಾವಳಿಯ ವೀಕ್ ಊರಿಗೆ ಹೋದರೆ ವಾರ್ಷಿಕ ಮಳೆ 2,000 ಮಿಲಿಮೀಟರ್ ದಾಟುತ್ತದೆ. ಪ್ರವಾಸಿಗಳು ನೋಡಲು ಬಯಸುವ ಜಲಪಾತ, ಕಪ್ಪು ಮರಳಿನ ಕಡಲತೀರಗಳ ದೊಡ್ಡ ಪಾಲು ಇರುವುದೂ ಅದೇ ದಾರಿಯಲ್ಲಿ. ಉತ್ತರದ ಅಕುರೇರಿ ಕಡೆ ಮಳೆ ಕಡಿಮೆ.

ಇನ್ನು ಗಾಳಿ. ಐಸ್‌ಲ್ಯಾಂಡಿನ ಮುನ್ಸೂಚನೆಯಲ್ಲಿ ಗಾಳಿಯ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಕೊಡುತ್ತಾರೆ. ಅಲ್ಲಿ '15' ಎಂದು ನೋಡಿ ಇಷ್ಟೇ ತಾನೇ ಎಂದುಕೊಳ್ಳಬೇಡಿ, 3.6ರಿಂದ ಗುಣಿಸಿ. ಅದು ಗಂಟೆಗೆ 54 ಕಿಲೋಮೀಟರ್. ಉಷ್ಣಾಂಶ 5 ಡಿಗ್ರಿ ಇದ್ದು ಈ ವೇಗದ ಗಾಳಿ ಬೀಸಿದರೆ ಒಣ ಮೈಗೇ ಅದು ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗಿರುವ ಹಾಗೆ ತಾಕುತ್ತದೆ. ಮೈ ಒದ್ದೆಯಾಗಿದ್ದರೆ ಕೇಳುವುದೇ ಬೇಡ. ಬಾಡಿಗೆ ಕಾರಿನ ಬಾಗಿಲನ್ನು ಗಾಳಿ ಕಿತ್ತು ಹಿಂದಕ್ಕೆ ಮಡಚುವುದೂ ಅಲ್ಲಿ ಆಗಾಗ ನಡೆಯುತ್ತದೆ, ಆ ನಷ್ಟವನ್ನು ಸಾಮಾನ್ಯ ವಿಮೆ ಹೆಚ್ಚಾಗಿ ತುಂಬಿಕೊಡುವುದಿಲ್ಲ. ಬಾಗಿಲು ತೆರೆಯುವಾಗ ಎರಡೂ ಕೈಯಲ್ಲಿ ಹಿಡಿದುಕೊಳ್ಳಿ.

ಹೊರಗಿನ ಪದರ: ಇಲ್ಲಿ ಜಿಪುಣತನ ಬೇಡ

ಆಯ್ಕೆಗಳು ನಾಲ್ಕು: ಕೊಡೆ, ತಲೆ ತೂರಿಸಿ ಹೊದೆಯುವ ಅಗಲದ ಮಳೆಹೊದಿಕೆಯಾದ ಪೊಂಚೊ, ನಮ್ಮ ಬೈಕ್ ರೇನ್‌ಕೋಟು, ಟ್ರೆಕ್ಕಿಂಗ್‌ನವರು ಹಾಕುವ ಶೆಲ್ ಜಾಕೆಟ್, ಅಂದರೆ ನೀರು, ಗಾಳಿ ತಡೆದು ಬೆವರನ್ನು ಹೊರಗೆ ಬಿಡುವ ತೆಳು ಹೊರಜಾಕೆಟ್.

ಕೊಡೆಯ ಬಗ್ಗೆ ಹೆಚ್ಚು ಹೇಳುವುದಕ್ಕೇನೂ ಇಲ್ಲ, ಮನೆಯಲ್ಲೇ ಬಿಡಿ. ಅಡ್ಡ ಬರುವ ಮಳೆಗೆ ಅದು ಆಸರೆಯಾಗುವುದಿಲ್ಲ, ಗಾಳಿಗೆ ನಿಲ್ಲುವುದೂ ಇಲ್ಲ. ಪೊಂಚೊ ಹಗುರ, ಅಗ್ಗ, ಬೆನ್ನಿನ ಬ್ಯಾಗಿನ ಮೇಲೆಯೇ ಹಾಕಿಕೊಳ್ಳಬಹುದು. ಗಾಳಿಯಿಲ್ಲದ ದೇಶಕ್ಕೆ ಒಳ್ಳೆಯದು. ಐಸ್‌ಲ್ಯಾಂಡಿನಲ್ಲಿ ಕೆಳಗಿನಿಂದ ಗಾಳಿ ತುಂಬಿಕೊಂಡು ಮುಖದ ಮೇಲೆ ಬಂದು ಬಡಿಯುತ್ತದೆ, ಬಂಡೆಯ ಅಂಚಿನಲ್ಲಿ ನಿಂತಾಗ ಕಣ್ಣು ಮುಚ್ಚಿದಂತಾಗಿ ಅಪಾಯವೂ ಹೌದು.

ಬೈಕ್ ರೇನ್‌ಕೋಟನ್ನು ಮಾತ್ರ ನಾನು ತಳ್ಳಿಹಾಕುವುದಿಲ್ಲ. ನೀರನ್ನೂ ಗಾಳಿಯನ್ನೂ ಪೂರ್ತಿ ತಡೆಯುತ್ತದೆ, ಪ್ಯಾಂಟೂ ಜೊತೆಗೇ ಬರುತ್ತದೆ. ಅದರ ಕೊರತೆ ಒಂದೇ: ಬೆವರು ಹೊರಗೆ ಹೋಗಲು ದಾರಿಯಿಲ್ಲ. ಒಂದು ಗಂಟೆ ಏರುದಾರಿ ನಡೆದರೆ ಒಳಗಿನಿಂದಲೇ ನೆನೆದು, ನಿಂತ ತಕ್ಷಣ ಚಳಿ ಹತ್ತುತ್ತದೆ. ಆದರೆ ಬೇಸಿಗೆಯಲ್ಲಿ ಕಾರಿನಲ್ಲಿ ಸುತ್ತುತ್ತಾ, ಪ್ರತಿ ಜಾಗದಲ್ಲಿ ಇಪ್ಪತ್ತು ಮೂವತ್ತು ನಿಮಿಷ ಇಳಿದು ನೋಡಿ ಮತ್ತೆ ಕಾರು ಹತ್ತುವವರಿಗೆ, ಅದರಲ್ಲೂ ವಯಸ್ಸಾದ ಅಪ್ಪ ಅಮ್ಮನಿಗೆ, ಇದೇ ಸಾಕು. ಸೆಲ್ಯಾಲಂಡ್ಸ್‌ಫಾಸ್ ಜಲಪಾತದ ಹಿಂಬದಿಯ ದಾರಿಯಲ್ಲಿ ಒಂದು ಸುತ್ತು ಬರುವಾಗ ಇದರಷ್ಟು ಚೆನ್ನಾಗಿ ಕಾಪಾಡುವ ಬಟ್ಟೆ ಇನ್ನೊಂದಿಲ್ಲ, ಅಲ್ಲಿ ನೀರು ಎಲ್ಲ ದಿಕ್ಕಿನಿಂದಲೂ ಎರಚುತ್ತದೆ.

ನಡೆಯುವವರಿಗೆ, ಚಳಿಗಾಲದಲ್ಲಿ ಹೋಗುವವರಿಗೆ ಶೆಲ್ ಜಾಕೆಟ್ಟೇ ಬೇಕು. ಕೊಳ್ಳುವಾಗ ಬಣ್ಣ, ಬ್ರ್ಯಾಂಡಿಗಿಂತ ಮೊದಲು ಲೇಬಲ್ಲಿನಲ್ಲಿರುವ ವಾಟರ್ ಕಾಲಂ ಸಂಖ್ಯೆ ನೋಡಿ. ಬಟ್ಟೆಯ ಮೇಲೆ ಎಷ್ಟು ಎತ್ತರದ ನೀರು ನಿಂತರೂ ಸೋರುವುದಿಲ್ಲ ಎಂಬುದರ ಅಳತೆ ಅದು. 5,000 ಮಿ.ಮೀ. ಸಣ್ಣ ಮಳೆಗೆ ಸರಿ, ಐಸ್‌ಲ್ಯಾಂಡಿಗೆ 10,000ಕ್ಕಿಂತ ಕಡಿಮೆ ಬೇಡ, 20,000 ಇದ್ದರೆ ಇನ್ನೂ ನಿಶ್ಚಿಂತೆ. ಅಂಗಡಿಯವರು 'ವಾಟರ್ ರೆಸಿಸ್ಟೆಂಟ್' ಎಂದು ತೋರಿಸುವುದು ಬೇರೆ, 'ವಾಟರ್‌ಪ್ರೂಫ್' ಬೇರೆ. ಮೊದಲನೆಯದು ಹತ್ತು ನಿಮಿಷದ ತುಂತುರಿಗಷ್ಟೇ. ಹೊಲಿಗೆಗಳ ಒಳಬದಿಗೆ ಟೇಪ್ ಅಂಟಿಸಿದ್ದಾರೆಯೇ ಎಂದು ತಿರುಗಿಸಿ ನೋಡಿ. ಟೋಪಿಗೆ ಅಂಚು ಗಟ್ಟಿಯಿರಬೇಕು, ದಾರ ಎಳೆದು ಮುಖಕ್ಕೆ ಬಿಗಿ ಮಾಡುವ ಹಾಗಿರಬೇಕು, ಇಲ್ಲದಿದ್ದರೆ ಮೊದಲ ಗಾಳಿಗೇ ಹಿಂದಕ್ಕೆ ಹಾರುತ್ತದೆ. ಅಳತೆ ಒಂದು ಸೈಜು ದೊಡ್ಡದಿರಲಿ, ಒಳಗೆ ಎರಡು ಪದರ ಹಿಡಿಸಬೇಕಲ್ಲ. ಡೆಕಾಥ್ಲಾನ್‌ನಂಥ ಅಂಗಡಿಗೆ ಹೋಗುವಾಗ ಸ್ವೆಟರ್ ಹಾಕಿಕೊಂಡೇ ಹೋಗಿ ಅಳತೆ ನೋಡಿ.

ಜಾಕೆಟ್ ಕೊಂಡು ಪ್ಯಾಂಟು ಬಿಡುವವರು ಬಹಳ. ಮಳೆ ಜಾಕೆಟ್ಟಿನಿಂದ ಇಳಿದು ತೊಡೆಗೇ ಬರುತ್ತದೆ. ದುಬಾರಿ ಮಳೆ ಪ್ಯಾಂಟು ಬೇಕಾಗಿಲ್ಲ, ಬೈಕಿನದೇ ಆದೀತು. ಶೂ ಬಿಚ್ಚದೆ ಹಾಕಲು ಆಗುವಂತೆ ಕಾಲಿನ ಪಕ್ಕದಲ್ಲಿ ಜಿಪ್ ಇದ್ದರೆ ಸಾಕು.

ಒಳಗಿನ ಬೆಚ್ಚಗೆ: ಹತ್ತಿ, ಪಾಲಿಯೆಸ್ಟರ್, ಉಣ್ಣೆ, ಡೌನ್

ಮೈಗೆ ತಾಗುವ ಬಟ್ಟೆಯಲ್ಲಿ ಹತ್ತಿ ಬೇಡವೇ ಬೇಡ. ನಮ್ಮ ಸೆಕೆಗೆ ಹತ್ತಿಯಷ್ಟು ಹಿತವಾದದ್ದಿಲ್ಲ, ಬೆವರನ್ನು ಹೀರಿ ನಿಧಾನವಾಗಿ ಆರಿ ತಂಪು ಕೊಡುತ್ತದೆ. ಅಲ್ಲಿ ಅದೇ ಗುಣ ಮುಳುವಾಗುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಎಷ್ಟೋ ಥರ್ಮಲ್‌ಗಳಲ್ಲಿ ಹತ್ತಿಯೇ ಹೆಚ್ಚಿರುತ್ತದೆ, ಲೇಬಲ್ ಓದಿ. ಜೀನ್ಸ್ ಕೂಡ ಹತ್ತಿಯೇ. ಒಮ್ಮೆ ನೆನೆದರೆ ರಾತ್ರಿಯಿಡೀ ಹೋಟೆಲಿನ ಹೀಟರ್ ಮೇಲೆ ಹಾಕಿದರೂ ಸೊಂಟದ ಹತ್ತಿರ ಒದ್ದೆ ಉಳಿದಿರುತ್ತದೆ. ಊರೊಳಗಿನ ಸಂಜೆಗೆ ಒಂದು ಜೀನ್ಸ್ ಇರಲಿ, ಹೊರಗೆ ತಿರುಗಲು ಬೇಗ ಒಣಗುವ ಟ್ರೆಕ್ಕಿಂಗ್ ಪ್ಯಾಂಟು. ಲೆಗ್ಗಿಂಗ್ಸ್ ಹಾಕುವವರು ಹತ್ತಿಯದನ್ನು ಬಿಟ್ಟು ಪಾಲಿಯೆಸ್ಟರ್ ಅಥವಾ ಒಳಗೆ ಫ್ಲೀಸ್, ಅಂದರೆ ಉಣ್ಣೆಯಂತೆ ಮೆತ್ತಗಿರುವ ಸಿಂಥೆಟಿಕ್ ಬಟ್ಟೆ ಇರುವುದನ್ನು ಒಯ್ಯಿರಿ.

ಪಾಲಿಯೆಸ್ಟರ್ ಥರ್ಮಲ್ ಮತ್ತು ಮೆರಿನೊ ಉಣ್ಣೆಯ ಥರ್ಮಲ್ ನಡುವೆ ಆಯ್ಕೆ ಕೈಯಲ್ಲಿರುವ ಹಣದ್ದು. ಪಾಲಿಯೆಸ್ಟರ್ ಅಗ್ಗ, ತೊಳೆದು ಹಿಂಡಿ ಹಾಕಿದರೆ ಬೆಳಿಗ್ಗೆಗೆ ಒಣಗಿರುತ್ತದೆ, ಆದರೆ ಎರಡನೆಯ ದಿನಕ್ಕೇ ವಾಸನೆ. ಮೆರಿನೊಗೆ ಅದರ ಎರಡು ಮೂರು ಪಟ್ಟು ಬೆಲೆ, ಹಲವು ದಿನ ಹಾಕಿದರೂ ವಾಸನೆ ಹಿಡಿಯುವುದಿಲ್ಲ, ತುಸು ಒದ್ದೆಯಾದರೂ ಬೆಚ್ಚಗಿರುತ್ತದೆ. ವಾರದ ಪ್ರವಾಸಕ್ಕೆ ಎರಡು ಜೊತೆ ಪಾಲಿಯೆಸ್ಟರ್ ಸಾಕು. ಪ್ರತಿ ವರ್ಷ ಹಿಮಾಲಯಕ್ಕೆ ಹೋಗುವ ಅಭ್ಯಾಸವಿದ್ದರೆ ಮೆರಿನೊ ಕೊಳ್ಳಿ, ಹಾಕಿದ ದುಡ್ಡು ಹುಟ್ಟುತ್ತದೆ.

ಅದರ ಮೇಲಿನ ಪದರಕ್ಕೆ ಮೂರು ದಾರಿ. ಫ್ಲೀಸ್ ಎಲ್ಲರಿಗೂ ಒಗ್ಗುವ ಉತ್ತರ: ಅಗ್ಗ, ಹಗುರ, ನೆನೆದರೂ ಬೇಗ ಆರುತ್ತದೆ. ಗಾಳಿಯನ್ನು ಮಾತ್ರ ತಡೆಯುವುದಿಲ್ಲ, ಅದಕ್ಕೆ ಹೊರಗೆ ಶೆಲ್ ಇದ್ದೇ ಇದೆ. ಡೌನ್ ಜಾಕೆಟ್, ಅಂದರೆ ಬಾತುಕೋಳಿಯ ಎಳೆಗರಿ ತುಂಬಿದ್ದು, ಅದೇ ತೂಕಕ್ಕೆ ಎಲ್ಲಕ್ಕಿಂತ ಬೆಚ್ಚಗೆ, ಮಡಚಿದರೆ ಅಂಗೈಯಷ್ಟಾಗುತ್ತದೆ. ಒದ್ದೆಯಾದರೆ ಗರಿಗಳು ಗಂಟುಕಟ್ಟಿ, ಉಬ್ಬು ಇಳಿದು ಬೆಚ್ಚಗೆ ಇಡುವ ಶಕ್ತಿಯೇ ಹೋಗುತ್ತದೆ. ಲಡಾಖಿನ ಒಣ ಚಳಿಗೆ ಅದು ಸರಿ. ವೀಕ್‌ನ ಮಳೆಗೆ ಅದನ್ನೇ ಹೊರಗಿನ ಬಟ್ಟೆ ಮಾಡಿಕೊಂಡರೆ ಒಂದೇ ದಿನದಲ್ಲಿ ಕೆಟ್ಟಿತು. ಹಾಗಾಗಿ ಉಬ್ಬಿದ ಜರ್ಕಿನ್ ಬೇಕೇ ಬೇಕು ಎನ್ನುವವರು ಸಿಂಥೆಟಿಕ್ ತುಂಬಿದ್ದನ್ನು ಕೊಳ್ಳಿ. ಡೌನ್‌ಗಿಂತ ತೂಕ ಹೆಚ್ಚು, ಆದರೆ ನೆನೆದರೂ ಕೈಬಿಡುವುದಿಲ್ಲ. ಡಿಸೆಂಬರ್-ಜನವರಿಯಲ್ಲಿ ಉತ್ತರದ ಬೆಳಕು, ಅಂದರೆ ಅರೋರಾ ನೋಡಲು ರಾತ್ರಿ ಹೊತ್ತು ಅಲುಗಾಡದೆ ನಿಲ್ಲುವವರಿಗೆ ತೆಳು ಡೌನ್ ಒಂದು ಶೆಲ್‌ನ ಒಳಗೆ ಹಾಕಲು ಇರಲಿ.

ಮೂರನೆಯದು ಉಣ್ಣೆಯ ಸ್ವೆಟರ್. ಮಲೆನಾಡಿನ ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿಯುವವರನ್ನು ನೋಡಿದವರಿಗೆ ಉಣ್ಣೆಯ ಗುಣ ವಿವರಿಸಬೇಕಾಗಿಲ್ಲ: ಮೇಲೆ ನೀರು ಜಾರುತ್ತಿದ್ದರೂ ಒಳಗೆ ಮೈ ಬೆಚ್ಚಗಿರುತ್ತದೆ. ಐಸ್‌ಲ್ಯಾಂಡಿನ ಮೀನುಗಾರರೂ ಕುರುಬರೂ ಬದುಕಿದ್ದು ಇದೇ ಉಣ್ಣೆಯಲ್ಲಿ. ಅಲ್ಲಿನ ಕುರಿಗೆ ಎರಡು ಬಗೆಯ ತುಪ್ಪಟ: ಹೊರಗೆ ನೀರು ಜಾರಿಸುವ ಉದ್ದನೆಯ ಒರಟು ಎಳೆ, ಒಳಗೆ ಶಾಖ ಹಿಡಿದಿಡುವ ಮೃದುವಾದ ಗಿಡ್ಡ ಎಳೆ. ಎರಡನ್ನೂ ಸೇರಿಸಿದ ನೂಲಿನಿಂದ ಹೆಣೆದ, ಕುತ್ತಿಗೆ ಸುತ್ತ ಚಿತ್ತಾರವಿರುವ 'ಲೋಪಪೇಸಾ' ಸ್ವೆಟರ್ ಇವತ್ತಿಗೂ ಅಲ್ಲಿನವರ ನಿತ್ಯದ ಉಡುಪು. ಅಲ್ಲಿಂದ ಒಂದನ್ನು ತರುವ ಮನಸ್ಸಿದ್ದರೆ ಇಲ್ಲಿಂದ ಸ್ವೆಟರ್ ಒಯ್ಯಬೇಡಿ, ಮೊದಲ ದಿನವೇ ಕೊಂಡು ಪ್ರವಾಸವಿಡೀ ಹಾಕಿಕೊಳ್ಳಿ. ಒರಟು ಇದ್ದದ್ದೇ, ಒಳಗೆ ತುಂಬುತೋಳಿನ ಥರ್ಮಲ್ ಇದ್ದರೆ ಚುಚ್ಚುವುದಿಲ್ಲ.

ತಲೆಗೆ ನಮ್ಮ ಮಂಕಿ ಕ್ಯಾಪನ್ನು ಧೈರ್ಯವಾಗಿ ಒಯ್ಯಿರಿ. ಕಿವಿ, ಕೆನ್ನೆ, ಕತ್ತು ಮೂರನ್ನೂ ಮುಚ್ಚುವ ಅದರ ಮೇಲೆ ಜಾಕೆಟ್ಟಿನ ಟೋಪಿ ಎಳೆದುಕೊಂಡರೆ ಗಾಳಿ ನುಗ್ಗಲು ಸಂದಿಯೇ ಇರುವುದಿಲ್ಲ. ಮಫ್ಲರ್ ಗಾಳಿಗೆ ಬಿಚ್ಚಿ ಹಾರುತ್ತದೆ. ಗ್ಲೌಸ್ ಒಂದೇ ದಪ್ಪ ಜೊತೆಯ ಬದಲು ಎರಡು ತರದ್ದು: ಫೋನ್ ಮುಟ್ಟಲು ಆಗುವ ತೆಳು ಜೊತೆ, ಅದರ ಮೇಲೆ ನೀರು ತಾಗದ ಇನ್ನೊಂದು. ಉಣ್ಣೆಯ ಗ್ಲೌಸ್ ಒಂದನ್ನೇ ನಂಬಿದರೆ ಮಳೆಯಲ್ಲಿ ಬೆರಳು ಸೆಟೆಯುತ್ತದೆ.

ಶೂ

ಸ್ಪೋರ್ಟ್ಸ್ ಶೂಗಳ ಮೇಲ್ಭಾಗ ಜಾಲರಿಯದು. ಜಲಪಾತದ ಹತ್ತಿರದ ಹುಲ್ಲಿನಲ್ಲಿ ಹತ್ತು ಹೆಜ್ಜೆ ಇಟ್ಟರೆ ಸಾಕ್ಸ್ ನೆನೆಯುತ್ತದೆ, ಮತ್ತೆ ದಿನವಿಡೀ ಕಾಲು ಬೆಚ್ಚಗಾಗುವುದಿಲ್ಲ. ಇನ್ನೊಂದು ತುದಿಗೆ ಹೋಗಿ ಹಿಮದ ದೊಡ್ಡ ಬೂಟು ಕೊಳ್ಳುವವರೂ ಇದ್ದಾರೆ. ಬೇಸಿಗೆಗೆ ಅದು ದಂಡ, ಚಳಿಗಾಲದಲ್ಲೂ ಕಾರು ಓಡಿಸಲು ತೊಡಕು. ನಡುವಿನದು ಸರಿಯಾದ ಆಯ್ಕೆ: ಕಾಲಿನ ಗಿಣ್ಣು ಮುಚ್ಚುವ, ವಾಟರ್‌ಪ್ರೂಫ್ ಹೈಕಿಂಗ್ ಶೂ. ಸೋಲ್‌ಹೇಮಾಯೋಕುಲ್ ಅಥವಾ ವಾತ್ನಾಯೋಕುಲ್ ಹಿಮನದಿಯ ಮೇಲೆ ನಡೆಸುವ ತಂಡಗಳು ಕ್ರ್ಯಾಂಪನ್, ಅಂದರೆ ಶೂ ತಳಕ್ಕೆ ಕಟ್ಟುವ ಕಬ್ಬಿಣದ ಮುಳ್ಳುಪಟ್ಟಿ ಕೊಡುತ್ತವೆ. ಅದನ್ನು ಬಿಗಿಯಲು ಗಿಣ್ಣು ಮುಚ್ಚುವ ಗಟ್ಟಿ ಶೂ ಬೇಕೆಂದು ಕೇಳುತ್ತವೆ. ಹೊರಡುವ ಒಂದು ತಿಂಗಳ ಮೊದಲೇ ಕೊಂಡು ಲಾಲ್‌ಬಾಗೋ ಚಾಮುಂಡಿ ಬೆಟ್ಟದ ಮೆಟ್ಟಿಲೋ ಸುತ್ತಿ ಪಳಗಿಸಿ. ಉಣ್ಣೆ ಬೆರೆತ ಸಾಕ್ಸ್ ಹಾಕಿಯೇ ಅಳತೆ ನೋಡಿ, ಬೆರಳ ಮುಂದೆ ಸ್ವಲ್ಪ ಜಾಗವಿರಲಿ.

ನವೆಂಬರಿನಿಂದ ಮಾರ್ಚ್ ತನಕ ಹೋಗುವವರಿಗೆ ಇದರ ಜೊತೆ ಜಾರದಂತೆ ಶೂ ಮೇಲೆ ಎಳೆದು ಹಾಕುವ, ಸಣ್ಣ ಮೊಳೆಗಳಿರುವ ರಬ್ಬರ್ ಪಟ್ಟಿ ಒಂದು ಜೊತೆ ಬೇಕು. ಹಿಮ ಕರಗಿ ಮತ್ತೆ ಗಟ್ಟಿಯಾದ ಫುಟ್‌ಪಾತ್ ಗಾಜಿನ ಹಾಗೆ ಜಾರುತ್ತದೆ. ಶೂ ಎಷ್ಟೇ ಒಳ್ಳೆಯದಿರಲಿ, ರೇನಿಸ್‌ಫ್ಯಾರಾದ ಕಪ್ಪು ಮರಳಿನಲ್ಲಿ ಅಲೆಯ ಹತ್ತಿರ ಹೋಗಬೇಡಿ. ನಮ್ಮ ಮಲ್ಪೆ, ಗೋಕರ್ಣದ ಕಡಲಿನಂತೆ ಕಾಲು ತೋಯಿಸುವ ಜಾಗ ಅದಲ್ಲ. ಸಣ್ಣ ಅಲೆಗಳ ನಡುವೆ ಇದ್ದಕ್ಕಿದ್ದಂತೆ ಬರುವ ದೊಡ್ಡ ಅಲೆ ಅಲ್ಲಿ ಪ್ರವಾಸಿಗಳ ಜೀವ ತೆಗೆದಿದೆ. ಸೀರೆಯುಟ್ಟು ಫೋಟೊ ತೆಗೆಸಿಕೊಳ್ಳುವ ಆಸೆಯಿದ್ದರೆ ಗಾಳಿ ಕಡಿಮೆಯಿರುವ ದಿನ ಬೇರೆ ಜಾಗ ಆರಿಸಿಕೊಳ್ಳಿ. ಒಳಗೆ ಥರ್ಮಲ್, ಕಾಲಿಗೆ ಇದೇ ಶೂ ಇದ್ದರೂ ಫೋಟೊದಲ್ಲಿ ಕಾಣುವುದಿಲ್ಲ.

ಸೂಟ್‌ಕೇಸೋ, ಬ್ಯಾಗೋ

ಇದು ನೀವು ಹೇಗೆ ಸುತ್ತುತ್ತೀರಿ ಎನ್ನುವುದರ ಮೇಲಿದೆ. ರೇಕ್ಯಾವಿಕ್‌ನ ಒಂದೇ ಹೋಟೆಲಿನಲ್ಲಿ ತಂಗಿ ದಿನವೂ ಬಸ್ಸಿನ ಪ್ರವಾಸ ಹೋಗುವವರಿಗೆ ಗಟ್ಟಿ ಟ್ರಾಲಿ ಸೂಟ್‌ಕೇಸ್ ಅನುಕೂಲ. ಇಡೀ ದ್ವೀಪ ಸುತ್ತುವ 1,300 ಕಿಲೋಮೀಟರಿಗೂ ಮೀರಿದ ರಿಂಗ್ ರೋಡಿನಲ್ಲಿ ರಾತ್ರಿಗೊಂದು ಊರು ಎಂದಾದರೆ ಮೆತ್ತನೆಯ ಡಫಲ್ ಬ್ಯಾಗೇ ಮೇಲು. ನಾಲ್ಕು ಜನ ಸಣ್ಣ ಕಾರು ಹಿಡಿದು ನಾಲ್ಕು ದೊಡ್ಡ ಸೂಟ್‌ಕೇಸ್ ತಂದರೆ ಡಿಕ್ಕಿ ಮುಚ್ಚುವುದಿಲ್ಲ. ಗೆಸ್ಟ್‌ಹೌಸುಗಳ ಮುಂದಿನ ಜಲ್ಲಿ, ಹಿಮದಲ್ಲಿ ಸಣ್ಣ ಚಕ್ರಗಳೂ ಉರುಳುವುದಿಲ್ಲ.

ಬ್ಯಾಗು ಯಾವುದೇ ಇರಲಿ, ಶೆಲ್ ಜಾಕೆಟ್ ಮತ್ತು ಹೈಕಿಂಗ್ ಶೂ ಮೈಮೇಲೆಯೇ ಇರಲಿ. ಬೆಂಗಳೂರಿನಿಂದ ನೇರ ವಿಮಾನವಿಲ್ಲ, ಯುರೋಪಿನ ಯಾವುದೋ ನಿಲ್ದಾಣದಲ್ಲಿ ಬದಲಿಸಲೇಬೇಕು, ಚೆಕ್-ಇನ್ ಸಾಮಾನು ಅಲ್ಲಿ ಉಳಿದುಬಿಡುವುದುಂಟು. ಒಂದು ಜೊತೆ ಥರ್ಮಲ್, ಸಾಕ್ಸ್, ಔಷಧಿ, ಈಜುಡುಗೆ ಕ್ಯಾಬಿನ್ ಬ್ಯಾಗಿನಲ್ಲಿದ್ದರೆ ಸಾಮಾನು ಎರಡು ದಿನ ತಡವಾದರೂ ಪ್ರವಾಸ ನಿಲ್ಲುವುದಿಲ್ಲ. ಪವರ್ ಬ್ಯಾಂಕ್ ಹೇಗೂ ಕ್ಯಾಬಿನ್‌ನಲ್ಲೇ ಇರಬೇಕು. ಚಳಿಗೆ ಫೋನಿನ ಬ್ಯಾಟರಿ ಬೇಗ ಇಳಿಯುವುದರಿಂದ ಅಲ್ಲಿ ಅದನ್ನು ಒಳಜೇಬಿನಲ್ಲಿ ಇಟ್ಟುಕೊಳ್ಳಿ.

ಈಜುಡುಗೆ ಯಾಕೆ ಎಂದು ಕೇಳಬೇಡಿ. ಭೂಮಿಯ ಶಾಖದಿಂದ ಕಾದ ನೀರಿನ ಬಯಲು ಕೊಳಗಳು ಅಲ್ಲಿ ಊರೂರಿಗೂ ಇವೆ, ಜನ ಸಂಜೆ ಹರಟುವುದೇ ಅಲ್ಲಿ. ಇಳಿಯುವ ಮೊದಲು ಬಟ್ಟೆಯಿಲ್ಲದೆ ಸೋಪು ಹಚ್ಚಿ ಸ್ನಾನ ಮಾಡಬೇಕೆಂಬುದು ಕಟ್ಟುನಿಟ್ಟಿನ ನಿಯಮ, ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ ಕೋಣೆಗಳಿರುತ್ತವೆ. ಟರ್ಕಿ ಟವೆಲ್ಲಿನ ಬದಲು ಬೇಗ ಒಣಗುವ ತೆಳು ಮೈಕ್ರೋಫೈಬರ್ ಟವೆಲ್ ಒಯ್ಯಿರಿ. ಜೂನ್-ಜುಲೈಯಲ್ಲಿ ರಾತ್ರಿಯೂ ಕತ್ತಲಾಗುವುದಿಲ್ಲವಾದ್ದರಿಂದ ಕಣ್ಣಿನ ಪಟ್ಟಿ, ಚಳಿಗಾಲದಲ್ಲಿ ಹಗಲು ದಿನಕ್ಕೆ ನಾಲ್ಕೈದು ಗಂಟೆಯಷ್ಟೇ ಇರುವುದರಿಂದ ಹಣೆಗೆ ಕಟ್ಟುವ ಟಾರ್ಚು. ನೀರಿನ ಬಾಟಲಿ ಕೊಳ್ಳಬೇಡಿ, ನಲ್ಲಿಯ ತಣ್ಣೀರು ಕುಡಿಯಲು ಶುದ್ಧ. ಬಿಸಿನೀರಿಗೆ ಗಂಧಕದ ವಾಸನೆ ಇರಬಹುದು. ನಮ್ಮ ದಪ್ಪ ಮೂರು ಪಿನ್ನಿನ ಪ್ಲಗ್ ಅಲ್ಲಿ ಹೋಗುವುದಿಲ್ಲ, ಯುರೋಪಿನ ಅಡಾಪ್ಟರ್ ಬೇಕು.

ಇಲ್ಲಿ ಕೊಳ್ಳುವುದೋ, ಅಲ್ಲಿ ಬಾಡಿಗೆಗೋ

ಐಸ್‌ಲ್ಯಾಂಡ್ ದುಬಾರಿ ದೇಶ. ಶೂ, ಥರ್ಮಲ್, ಫ್ಲೀಸ್, ಗ್ಲೌಸ್ ಎಲ್ಲವನ್ನೂ ಇಲ್ಲೇ ಕೊಳ್ಳಿ. ಮೊದಲ ಬಾರಿ ಹೋಗುವ, ಮತ್ತೆ ಇಂಥ ಕಡೆ ಹೋಗುವ ಯೋಚನೆ ಇಲ್ಲದ ದೊಡ್ಡ ಕುಟುಂಬವಾದರೆ ಶೆಲ್ ಜಾಕೆಟ್-ಪ್ಯಾಂಟನ್ನು ರೇಕ್ಯಾವಿಕ್‌ನಲ್ಲಿ ಬಾಡಿಗೆಗೆ ಪಡೆಯುವುದೂ ಲೆಕ್ಕಕ್ಕೆ ಸರಿಹೋಗುತ್ತದೆ. ಐದು ದಿನ ಮೀರಿದ ಪ್ರವಾಸಕ್ಕೆ ಬಾಡಿಗೆಯ ಮೊತ್ತವನ್ನು ಇಲ್ಲಿನ ಬೆಲೆಯ ಜೊತೆ ಹೋಲಿಸಿ ನೋಡಿ. ತಿಮಿಂಗಿಲ ನೋಡಲು ದೋಣಿಯಲ್ಲಿ ಕರೆದೊಯ್ಯುವವರು, ಹಿಮದ ಮೇಲೆ ಓಡುವ ಸ್ನೋಮೊಬೈಲ್ ಸವಾರಿ ನಡೆಸುವವರು ಮೈಮುಚ್ಚುವ ದಪ್ಪ ಸೂಟನ್ನು ಸಾಮಾನ್ಯವಾಗಿ ತಾವೇ ಕೊಡುತ್ತಾರೆ. ಬುಕ್ ಮಾಡುವಾಗ ಕೇಳಿಕೊಳ್ಳಿ, ಅದಕ್ಕೆಂದೇ ಯಾವುದನ್ನೂ ಕೊಳ್ಳಬೇಡಿ.

ಹೊರಡುವ ವಾರದಿಂದ ಪ್ರತಿದಿನ ಐಸ್‌ಲ್ಯಾಂಡ್ ಹವಾಮಾನ ಇಲಾಖೆಯ ಇಂಗ್ಲಿಷ್ ಪುಟ ನೋಡುವ ಅಭ್ಯಾಸ ಮಾಡಿ. ಹಳದಿ, ಕಿತ್ತಳೆ, ಕೆಂಪು ಎಂದು ಎಚ್ಚರಿಕೆ ಕೊಡುತ್ತಾರೆ. ಕಿತ್ತಳೆ ಬಂದ ದಿನ ಎಷ್ಟೇ ಒಳ್ಳೆಯ ಜಾಕೆಟ್ ಇದ್ದರೂ ಊರು ಬಿಟ್ಟು ಹೊರಡಬೇಡಿ. ಅಂಥ ದಿನಕ್ಕೆಂದೇ ಬ್ಯಾಗಿನಲ್ಲಿ ಅವಲಕ್ಕಿ, ಚಟ್ನಿಪುಡಿ, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಪೊಟ್ಟಣ ಇರಲಿ. ಸಸ್ಯಾಹಾರಿಗಳಿಗೆ ರಿಂಗ್ ರೋಡಿನ ಸಣ್ಣ ಊರುಗಳಲ್ಲಿ ಊಟ ಹುಡುಕುವುದು ಮಳೆಯಿಲ್ಲದ ದಿನವೂ ಕಷ್ಟ.

ಕೈಯಲ್ಲಿ ಹೆಣೆದ ಲೋಪಪೇಸಾ ಕೊಳ್ಳುವವರು 1977ರಲ್ಲಿ ಸ್ಥಾಪನೆಯಾದ ಹೆಣಿಗೆಗಾರರ ಸಂಘದ ಅಂಗಡಿಗೆ ಹೋಗಿ, ರೇಕ್ಯಾವಿಕ್‌ನಲ್ಲೇ ಇದೆ. ಐಸ್‌ಲ್ಯಾಂಡಿನಲ್ಲೇ ಹೆಣೆದದ್ದೇ ಎಂದು ಲೇಬಲ್ ನೋಡಿ ಖಾತ್ರಿ ಮಾಡಿಕೊಳ್ಳಿ. ನಿಗದಿತ ಮೊತ್ತ ಮೀರಿದ ಖರೀದಿಗೆ ತೆರಿಗೆ ವಾಪಸ್ ಸಿಗುತ್ತದೆ, ಬಿಲ್ ಮಾಡಿಸುವಾಗಲೇ ಅದರ ಫಾರಂ ಕೇಳಿ ಪಡೆಯಿರಿ. ಐಸ್‌ಲ್ಯಾಂಡ್ ಒಂದೇ ವೀಸಾ ನಡೆಯುವ ಷೆಂಗೆನ್ ದೇಶಗಳ ಗುಂಪಿನಲ್ಲಿದ್ದರೂ ಐರೋಪ್ಯ ಒಕ್ಕೂಟಕ್ಕೆ ಸೇರಿಲ್ಲವಾದ್ದರಿಂದ, ವಾಪಸ್ ಬರುವಾಗ ಯಾವ ದೇಶದಲ್ಲಿ ವಿಮಾನ ಬದಲಿಸಿದರೂ ಈ ಕೆಲಸವನ್ನು ಐಸ್‌ಲ್ಯಾಂಡಿನ ಕೆಫ್ಲಾವಿಕ್ ವಿಮಾನ ನಿಲ್ದಾಣದಲ್ಲೇ ಮುಗಿಸಿಕೊಳ್ಳಬೇಕು.